ಬೋರಿಗೆ ಬಂದ ಎಂಜಿನ್: ಹಳೆಯ ಜೀಪೊಂದರ ಜೀರ್ಣೋದ್ಧಾರ

(ಗ್ಲೆಂಡೇಲಿನಲ್ಲಿ ನಡೆದ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯನನ್ನು ಉಪನ್ಯಾಸಕ್ಕೆ ಕರೆದರೆ ಆತ ರಕ್ತದೊತ್ತಡದ ಬಗ್ಗೆಯೋ ಸಕ್ಕರೆ ಕಾಯಿಲೆಯ ಬಗ್ಗೆಯೋ ಮಾತನಾಡುತ್ತಾನೆಂದು ಸಭಿಕರು ನಿರೀಕ್ಷಿಸುವುದು ಸಹಜ. ಪಕ್ಕದ ಕೋಣೆಯಿಂದ ಬಿಸಿಬೇಳೆ ಭಾತಿನ ಪರಿಮಳ ಬರುತ್ತಿರುವಾಗ ಅಂತಹ ಮಾತುಗಳಿಂದ ನಿಮ್ಮ ಹಸಿವನ್ನು ಕೆಡಿಸಲು ನನಗೆ ಮನಸ್ಸಿಲ್ಲ. ನನ್ನ ಹವ್ಯಾಸವಾದ ಹಳೆಯ ಜೀಪುಗಳ ವಿಚಾರವಾಗಿಯೇ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದ್ದಾರೆ. ಆದುದರಿಂದ ಹಳೆಯ ಜೀಪಿನ ಎಂಜಿನ್ನನ್ನು ಬಿಚ್ಚಿ ಕಟ್ಟುವುದು ಹೇಗೆ, ಆ ಕೆಲಸದಲ್ಲಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು, ಮತ್ತು ಅದರಿಂದ ನಮ್ಮ ಮಕ್ಕಳ ಆರೋಗ್ಯಕ್ಕೆ ಒದಗಬಹುದಾದ ಅಪಾಯಗಳೇನು ಎಂಬ ವಿಷಯಗಳನ್ನು ನಿಮ್ಮ ಮುಂದಿಡುತ್ತೇನೆ. ಕೊನೆಯ ಭಾಗದಲ್ಲಿ ವೈದ್ಯ ತಾನಾಗಿ ಇಣುಕಿದರೆ ಕ್ಷಮಿಸಬೇಕು.

ನಮ್ಮ ಊರಿನ ಗ್ಯಾರೇಜುಗಳಲ್ಲಿ “ಎಂಜಿನ್ ಬೋರಿಗೆ ಬಂದಿದೆ” ಎಂಬ ಮಾತನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಗಾಡಿ ನೀಲಿ ಹೊಗೆ ಉಗುಳುತ್ತದೆ, ಆಯಿಲ್ ಕುಡಿಯುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ ಈ ತೀರ್ಪನ್ನು ಕೊಡುತ್ತಾನೆ. ಗಾಡಿಯ ಯಜಮಾನನ ಪಾಲಿಗೆ ಅದು ಖರ್ಚಿನ ಸುದ್ದಿ. ಆದರೆ ಆ ಮಾತಿನೊಳಗೆ ಒಂದು ಅಭಯವೂ ಇದೆ. ಈ ಎಂಜಿನ್ ಸತ್ತಿಲ್ಲ, ಅದರ ಗೋಡೆಗಳಲ್ಲಿ ಇನ್ನೂ ಕೊರೆಯಲು ಲೋಹವಿದೆ ಎಂಬುದೇ ಆ ಅಭಯ. ಆ ಲೋಹ ಎಷ್ಟಿದೆ, ಅದನ್ನು ಹೇಗೆ ಖರ್ಚು ಮಾಡಬೇಕು ಎಂಬುದೇ ನನ್ನ ಇಂದಿನ ಮಾತಿನ ತಿರುಳು.

ಜೀಪು ನಡೆದು ಬಂದ ದಾರಿ

1940ರ ಬೇಸಗೆಯಲ್ಲಿ ಅಮೆರಿಕದ ಸೈನ್ಯವು ನಾಲ್ಕೂ ಚಕ್ರಗಳಿಗೆ ಶಕ್ತಿ ತಲುಪುವ ಹಗುರವಾದ ವಾಹನವೊಂದು ಬೇಕೆಂದು ತಯಾರಕರನ್ನು ಕೇಳಿತು. ಪೆನ್ಸಿಲ್ವೇನಿಯದ ಬಟ್ಲರ್ ಪಟ್ಟಣದ ಬ್ಯಾಂಟಮ್ ಎಂಬ ಚಿಕ್ಕ ಕಂಪೆನಿಗಾಗಿ ಕಾರ್ಲ್ ಪ್ರಾಬ್‌ಸ್ಟ್ ಎಂಬ ಎಂಜಿನಿಯರು ನಕ್ಷೆಗಳನ್ನು ಸಿದ್ಧಪಡಿಸಿದರು. 49 ದಿನಗಳ ಗಡುವಿನೊಳಗೆ ಮೊದಲ ಮಾದರಿ ತಯಾರಾಗಿ ಸೆಪ್ಟೆಂಬರ್ 23ರಂದು ಸೈನ್ಯದ ಕೈ ಸೇರಿತು. ಆದರೆ ದೊಡ್ಡ ಪ್ರಮಾಣದ ತಯಾರಿಕೆಯ ಗುತ್ತಿಗೆಗಳು ಒಹಾಯೋದ ಟೊಲೀಡೊ ನಗರದ ವಿಲ್ಲೀಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪೆನಿಗಳಿಗೆ ಹೋದುವು. ಯುದ್ಧ ಮುಗಿಯುವ ವೇಳೆಗೆ ಈ ಎರಡು ಕಂಪೆನಿಗಳು ಆರು ಲಕ್ಷಕ್ಕೂ ಮಿಕ್ಕು ಜೀಪುಗಳನ್ನು ತಯಾರಿಸಿದ್ದುವು. ವಿಲ್ಲೀಸ್ ಕಂಪೆನಿಯ ನಿಜವಾದ ಬಲ ಅದರ ಎಂಜಿನ್ನು. ಡೆಲ್ಮರ್ ರೂಸ್ ಎಂಬ ಎಂಜಿನಿಯರು ಹಳೆಯ ಕಾರಿನ ಎಂಜಿನ್ನೊಂದನ್ನು ತಿದ್ದಿ ತೀಡಿ 60 ಅಶ್ವಶಕ್ತಿಗೆ ಏರಿಸಿದ್ದರು.

ಯುದ್ಧಾನಂತರ ಜೀಪು ರೈತನ ಗಾಡಿಯಾಯಿತು. 1945ರಿಂದ ನಾಗರಿಕರಿಗಾಗಿ ಸಿಜೆ ಮಾದರಿಗಳು ಬಂದವು. 1953ರಲ್ಲಿ ಬಂದದ್ದು ಸಿಜೆ-3ಬಿ. ಇದರ ಹೊಸ ಎಂಜಿನ್ನು ಹಿಂದಿನದಕ್ಕಿಂತ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಆ ಎತ್ತರದ ಬಾನೆಟ್ಟೇ ಅದರ ಗುರುತು.

ಭಾರತದ ಕಥೆ ಇದಕ್ಕೆ ಬಂದು ಕೂಡಿಕೊಳ್ಳುತ್ತದೆ. 1945ರಲ್ಲಿ ಲೂಧಿಯಾನದಲ್ಲಿ ಮಹೀಂದ್ರ ಆ್ಯಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆಯು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಗೆ ತೊಡಗಿತು. ದೇಶ ವಿಭಜನೆಯಾಗಿ ಪಾಲುದಾರರಾದ ಗುಲಾಮ್ ಮೊಹಮ್ಮದರು ಪಾಕಿಸ್ತಾನದ ಮೊದಲ ಅರ್ಥಸಚಿವರಾಗಿ ತೆರಳಿದ ಮೇಲೆ, 1948ರಲ್ಲಿ, ಅದು ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಅಮೆರಿಕದಲ್ಲಿ 1968ಕ್ಕೆ ನಿಂತುಹೋದರೂ ಭಾರತದಲ್ಲಿ ಅದರ ವಂಶ ಬಹುಕಾಲ ಬೆಳೆಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಗೊಬ್ಬರ ಹೊತ್ತದ್ದು, ಆಳುಗಳನ್ನು ಸಾಗಿಸಿದ್ದು, ಮಳೆಗಾಲದ ಕೆಸರಿನಲ್ಲಿ ಬಾಣಂತಿಯರನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ್ದು ಈ ಜೀಪುಗಳೇ. ಎಂ.ಬಿ.ಬಿ.ಎಸ್. ಮುಗಿಸಿ ಗ್ರಾಮಾಂತರ ಆರೋಗ್ಯ ಕೇಂದ್ರದಲ್ಲಿ ತರಬೇತಿ ಪಡೆದ ನನ್ನ ತಲೆಮಾರಿನ ವೈದ್ಯರಿಗೆಲ್ಲ ಅದರ ಹಿಂಬದಿಯ ಬೆಂಚಿನ ಕುಲುಕಾಟ ಚೆನ್ನಾಗಿ ಗೊತ್ತು. ಇಂದು ಇಲ್ಲಿನ ಅಂಗಡಿಗಳಲ್ಲಿ ಹಳೆಯ ವಿಲ್ಲೀಸ್ ಗಾಡಿಗೆ ಬಿಡಿಭಾಗ ಕೇಳಿದರೆ ಎಷ್ಟೋ ವೇಳೆ ಕೈಗೆ ಬರುವ ಪೊಟ್ಟಣ ಭಾರತದಲ್ಲಿ ತಯಾರಾದದ್ದೇ ಆಗಿರುತ್ತದೆ.

ಎಂಜಿನ್ನಿನ ಅಂಗರಚನೆ

ಸಿಜೆ-3ಬಿಯ ಎಂಜಿನ್ನಿಗೆ ಹರಿಕೇನ್ ಎಂದು ಹೆಸರು. ಎಫ್-134 ಎಂದೂ ಕರೆಯುತ್ತಾರೆ. 134 ಎಂದರೆ ಅದರ ಗಾತ್ರ, ಘನ ಇಂಚುಗಳಲ್ಲಿ. ಎಂದರೆ ಸುಮಾರು 2.2 ಲೀಟರು. ನಮ್ಮ ಗ್ಲೆಂಡೇಲನ್ನು ಸೀಳಿಕೊಂಡು ಹೋಗುವ ಫ್ರೀವೇಗೂ 134 ಎಂಬ ಸಂಖ್ಯೆಯೇ ಇರುವುದು ಕಾಕತಾಳೀಯ. ಆದರೆ ಈ ಎಂಜಿನ್ನು ಆ ಫ್ರೀವೇಗೆ ಹೇಳಿ ಮಾಡಿಸಿದ್ದಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಇದರಲ್ಲಿ ನಾಲ್ಕು ಸಿಲಿಂಡರುಗಳು. ಪ್ರತಿಯೊಂದರ ವ್ಯಾಸ 3.125 ಇಂಚು; ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 4.375 ಇಂಚು. ವ್ಯಾಸಕ್ಕಿಂತ ಓಟ ಉದ್ದವಾಗಿರುವುದರಿಂದ ಇದು ನಿಧಾನವಾಗಿ, ಬಲವಾಗಿ ಎಳೆಯುವ ಎಂಜಿನ್. ಓಟದ ಕುದುರೆಯಲ್ಲ, ನೇಗಿಲಿನ ಎತ್ತು. ಗಾಳಿ ಪೆಟ್ರೋಲುಗಳನ್ನು ಒಳಗೆ ಬಿಡುವ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿವೆ, ಹೊಗೆಯನ್ನು ಹೊರಗೆ ಬಿಡುವ ವಾಲ್ವುಗಳು ಪಕ್ಕದಲ್ಲಿ ಬ್ಲಾಕಿನೊಳಗೇ ಇವೆ. ಯುದ್ಧಕಾಲದ ಜೀಪಿನಲ್ಲಿ ಎರಡೂ ಬಗೆಯ ವಾಲ್ವುಗಳು ಬ್ಲಾಕಿನಲ್ಲಿದ್ದುವು. ಈ ಬದಲಾವಣೆಯಿಂದ ಉಸಿರಾಟ ಸರಾಗವಾಗಿ ಬಲವು 60ರಿಂದ 70ಕ್ಕೆ ಮೀರಿತು. ಬಾನೆಟ್ಟು ಎತ್ತರವಾದುದೂ ಇದರಿಂದಲೇ.

ಬಿಚ್ಚುವ ಮೊದಲು ಪರೀಕ್ಷೆ

ಹಳೆಯ ಗಾಡಿ ಮನೆಗೆ ಬಂದ ಕೂಡಲೇ ಸ್ಪ್ಯಾನರು ಹಿಡಿದು ಎಂಜಿನ್ ಕೆಳಗಿಳಿಸುವ ಉತ್ಸಾಹ ಅನೇಕರಿಗೆ ಇರುತ್ತದೆ. ರೋಗಿ ಹಾಸಿಗೆಯ ಮೇಲೆ ಮಲಗಿದೊಡನೆ ಹೊಟ್ಟೆ ಕುಯ್ಯುವ ವೈದ್ಯನಿಗೂ ಅವರಿಗೂ ವ್ಯತ್ಯಾಸವಿಲ್ಲ. ಮೊದಲು ಲಕ್ಷಣಗಳನ್ನು ಓದಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚಾಗಿದೆ, ತಪ್ಪು ಕಾರ್ಬುರೇಟರಿನದು. ಸಿಹಿವಾಸನೆಯ ಬಿಳಿ ಹೊಗೆ ನಿಲ್ಲದೆ ಬಂದರೆ ರೇಡಿಯೇಟರಿನ ದ್ರವ ಸಿಲಿಂಡರಿನೊಳಗೆ ನುಗ್ಗುತ್ತಿದೆ.

ಆಮೇಲೆ ಎರಡು ಅಗ್ಗದ ಉಪಕರಣಗಳು ಬೇಕು. ಒಂದು, ಒತ್ತಡ ಅಳೆಯುವ ಕಂಪ್ರೆಷನ್ ಗೇಜು. ಎಂಜಿನ್ ಬೆಚ್ಚಗಿರುವಾಗ ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ತೆಗೆದು, ಒಂದೊಂದು ಸಿಲಿಂಡರಿಗೂ ಗೇಜು ಸಿಕ್ಕಿಸಿ, ಸ್ಟಾರ್ಟರಿನಿಂದ ತಿರುಗಿಸಿ ಓದಬೇಕು. ಆರೋಗ್ಯವಂತ ಎಫ್-134 ಪ್ರತಿ ಚದರ ಇಂಚಿಗೆ 120 ಪೌಂಡಿನ ಆಸುಪಾಸು ತೋರಿಸುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಮತೆ. ನಾಲ್ಕರಲ್ಲಿ ಒಂದು ಹತ್ತು ಪೌಂಡಿಗಿಂತ ಹೆಚ್ಚು ಕುಸಿದಿದ್ದರೆ ಕಾರಣ ಹುಡುಕಬೇಕು. ಕುಸಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಸುರಿದು ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ನಿನ ರಿಂಗುಗಳೋ ಸಿಲಿಂಡರಿನ ಗೋಡೆಯೋ ಸವೆದಿದೆ, ಆಯಿಲ್ ಆ ಬಿರುಕನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ದೋಷ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಒಂದು ಚಮಚ ಎಣ್ಣೆಯಿಂದ ಇಷ್ಟೊಂದು ರೋಗನಿದಾನ ನಮ್ಮ ವೈದ್ಯಶಾಸ್ತ್ರದಲ್ಲಿಯೂ ಅಪರೂಪ.

ಎರಡನೆಯದು ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜು. ಇದು ನಾವು ನೋಡುವ ನಾಡಿಯಂತೆ. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಮುಳ್ಳು ಪಾದರಸದ 17ರಿಂದ 21 ಇಂಚುಗಳ ನಡುವೆ ಅಲುಗದೆ ನಿಲ್ಲುತ್ತದೆ. ಕ್ರಮವಾಗಿ ಮಿಡಿದರೆ ವಾಲ್ವೊಂದು ಮುಚ್ಚುತ್ತಿಲ್ಲ. ಎತ್ತರಕ್ಕೆ ಹೋದಂತೆ, ಸಾವಿರ ಅಡಿಗೆ ಸುಮಾರು ಒಂದು ಇಂಚಿನಂತೆ ಈ ಅಂಕಿ ಇಳಿಯುತ್ತದೆ. ಆದುದರಿಂದ ಗ್ಲೆಂಡೇಲಿನಲ್ಲಿ 19 ತೋರಿಸುವ ಎಂಜಿನ್ ಮಡಿಕೇರಿಯಲ್ಲಿ 16ರ ಹತ್ತಿರ ತೋರಿಸಿದರೆ ಗಾಬರಿಪಡಬೇಕಾಗಿಲ್ಲ.

ಈ ಪರೀಕ್ಷೆಗಳ ಬಳಿಕ ಎಷ್ಟೋ ಎಂಜಿನ್ನುಗಳನ್ನು ಬಿಚ್ಚುವ ಅಗತ್ಯವೇ ಇಲ್ಲವೆಂದು ತಿಳಿದುಬರುತ್ತದೆ. ವಾಲ್ವುಗಳನ್ನು ಸಾಣೆ ಹಿಡಿದು, ಗ್ಯಾಸ್ಕೆಟ್ ಬದಲಿಸಿ, ಕಾರ್ಬುರೇಟರ್ ತೊಳೆದರೆ ಅವು ಇನ್ನೂ ಹಲವು ವರ್ಷ ಓಡುತ್ತವೆ.

ಸವೆತದ ಲೆಕ್ಕ

ಬಿಚ್ಚಲೇಬೇಕಾದಾಗ ಅವಸರ ಸಲ್ಲದು. ಪ್ರತಿಯೊಂದು ಬೋಲ್ಟೂ ಎಲ್ಲಿಂದ ಬಂತೆಂದು ಚೀಟಿ ಅಂಟಿಸಬೇಕು, ಚಿತ್ರ ತೆಗೆದಿಡಬೇಕು. ಕ್ರ್ಯಾಂಕ್ ಶಾಫ್ಟನ್ನು ಹಿಡಿದಿರುವ ಬೇರಿಂಗ್ ಕ್ಯಾಪುಗಳು ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಅವು ಬ್ಲಾಕಿನೊಡನೆ ಒಟ್ಟಿಗೆ ಕೊರೆಯಲ್ಪಟ್ಟವು.

ಸಿಲಿಂಡರು ಎಲ್ಲೆಡೆಯೂ ಸಮನಾಗಿ ಸವೆಯುವುದಿಲ್ಲ. ಅತಿ ಹೆಚ್ಚು ಸವೆತ ಮೇಲ್ಭಾಗದಲ್ಲಿ, ಮೊದಲ ರಿಂಗು ತಿರುಗಿ ಇಳಿಯುವ ಜಾಗದಲ್ಲಿ. ಅಲ್ಲಿ ಶಾಖ ಮತ್ತು ಒತ್ತಡ ಹೆಚ್ಚು, ಆಯಿಲ್ ಕಡಮೆ. ಆದುದರಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಒಂದೊಂದು ಕಡೆಯೂ ಉದ್ದಕ್ಕೆ ಮತ್ತು ಅಡ್ಡಕ್ಕೆ, ಹೀಗೆ ಸಿಲಿಂಡರೊಂದಕ್ಕೆ ಆರು ಅಳತೆಗಳನ್ನು ತೆಗೆದುಕೊಳ್ಳಬೇಕು. ಮೇಲಿಗೂ ಕೆಳಗಿಗೂ ಇಂಚಿನ ಸಾವಿರದಲ್ಲಿ ಐದು ಭಾಗಕ್ಕಿಂತ, ಎಂದರೆ 0.005 ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬೋರು ಕೊರೆಸಬೇಕು. ತಲೆಗೂದಲಿನ ದಪ್ಪ ಸುಮಾರು 0.003 ಇಂಚು, ಹೀಗಾಗಿ ಎಂಜಿನ್ನಿನ ಯೌವನಕ್ಕೂ ಮುಪ್ಪಿಗೂ ನಡುವಿನ ಅಂತರ ಎರಡು ಕೂದಲೆಳೆಯಷ್ಟು. ಸವೆತ ಅದಕ್ಕಿಂತ ಕಡಮೆಯಿದ್ದರೆ ಗೋಡೆಯನ್ನು ಲಘುವಾಗಿ ಉಜ್ಜಿ ಹೊಸ ರಿಂಗುಗಳನ್ನು ಹಾಕಿದರೆ ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಎಂಜಿನ್ನನ್ನು ರೂಪಿಸಿದವರು ಅದು ಸವೆದೇ ಸವೆಯುವುದೆಂದು ತಿಳಿದಿದ್ದರು. ಅದಕ್ಕಾಗಿಯೇ ಗೋಡೆಗಳಲ್ಲಿ ಹೆಚ್ಚುವರಿ ಲೋಹವನ್ನು ಬಿಟ್ಟರು, ಮತ್ತು 0.010, 0.020, 0.030, 0.040 ಇಂಚು ದೊಡ್ಡದಾದ ಪಿಸ್ಟನ್ನುಗಳನ್ನೂ ಒದಗಿಸಿದರು. ಊರಿನ ಮೆಕ್ಯಾನಿಕ್ಕುಗಳು “ಹತ್ತು ಆಯಿತು, ಇಪ್ಪತ್ತಕ್ಕೆ ಬಂತು” ಎನ್ನುವುದು ಈ ಲೆಕ್ಕವನ್ನೇ. ಕ್ರ್ಯಾಂಕ್ ಶಾಫ್ಟಿನದೂ ಇದೇ ಕಥೆ, ದಿಕ್ಕು ಮಾತ್ರ ವಿರುದ್ಧ: ಅದನ್ನು ಸಾಣೆ ಹಿಡಿದು ತೆಳ್ಳಗೆ ಮಾಡಿ ಅಷ್ಟೇ ದಪ್ಪನಾದ ಬೇರಿಂಗು ಹಾಕುತ್ತಾರೆ. ಆದರೆ ಒಮ್ಮೆ ಕೊರೆದ ಲೋಹ ಮತ್ತೆ ಬೆಳೆಯುವುದಿಲ್ಲ. ನಲವತ್ತು ಮುಗಿದ ಮೇಲೆ ಉಳಿಯುವ ದಾರಿ ಸಿಲಿಂಡರಿನೊಳಗೆ ಹೊಸ ಕೊಳವೆ, ಎಂದರೆ ಸ್ಲೀವ್ ಕೂಡಿಸುವುದು.

ನಮ್ಮ ಕರುಳಿನ ಶಸ್ತ್ರವೈದ್ಯರಿಗೆ ಈ ನಿಯಮ ಚೆನ್ನಾಗಿ ಗೊತ್ತು. ಮರಳಿ ಮರಳಿ ಬರುವ ಕರುಳಿನ ಉರಿಯೂತವಿರುವ ರೋಗಿಯಲ್ಲಿ ಅವರು ಕತ್ತರಿಸುವುದು ಅತ್ಯಗತ್ಯವಾದಷ್ಟನ್ನು ಮಾತ್ರ. ಏಕೆಂದರೆ ಮುಂದೆ ಇನ್ನೊಮ್ಮೆ ಕತ್ತರಿಸಬೇಕಾಗಬಹುದು, ಕರುಳಿನ ಉದ್ದಕ್ಕೆ ಮಿತಿಯಿದೆ. ಎಂಜಿನ್ನಿಗೂ ಅದೇ ವಿವೇಕ ಬೇಕು. ಹತ್ತರಲ್ಲಿ ಗೋಡೆ ಶುದ್ಧವಾಗುವುದಾದರೆ, ಅಂಗಡಿಯಲ್ಲಿ ಮೂವತ್ತರ ಪಿಸ್ಟನ್ ಸಿದ್ಧವಿದೆಯೆಂಬ ಕಾರಣಕ್ಕೆ ಮೂವತ್ತಕ್ಕೆ ಕೊರೆಸಬಾರದು. ಹಾಗೆ ಕೊರೆಸಿದವನು ತನ್ನ ಒಂದು ವಾರದ ಕಾಯುವಿಕೆಯನ್ನು ಉಳಿಸಿಕೊಂಡು ಮುಂದಿನ ಒಡೆಯನ ಎರಡು ಅವಕಾಶಗಳನ್ನು ಕಸಿದಂತಾಯಿತು. ಕೊರೆಸುವ ಮೊದಲು ಬ್ಲಾಕಿನಲ್ಲಿ ಬಿರುಕುಗಳಿಲ್ಲವೆಂದು ಮೆಷಿನ್ ಷಾಪಿನಲ್ಲಿ ಪರೀಕ್ಷಿಸಿಕೊಳ್ಳುವುದೂ ಅಗತ್ಯ. ಬಿರುಕು ಬಿಟ್ಟ ಬ್ಲಾಕಿಗೆ ಮಾಡಿದ ಖರ್ಚೆಲ್ಲ ನೀರಿನಲ್ಲಿ ಹೋಮ.

ಮತ್ತೆ ಕಟ್ಟುವಾಗ

ಕಟ್ಟುವ ಕೆಲಸದಲ್ಲಿ ಮೊದಲ ಧರ್ಮ ಶುಚಿತ್ವ. ಕೊರೆದ ಸಿಲಿಂಡರನ್ನು ಬಿಸಿನೀರು ಸೋಪಿನಿಂದ, ಬಿಳಿಯ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ತೊಳೆದು, ಕೂಡಲೇ ಆಯಿಲ್ ಸವರಬೇಕು. ಒಳಗುಳಿದ ಸಾಣೆಯ ಪುಡಿ ಹೊಸ ರಿಂಗುಗಳನ್ನು ಬೇಗನೆ ತಿಂದುಹಾಕುತ್ತದೆ. ಬೇರಿಂಗಿನ ಸಂದನ್ನು ಅಳೆಯಲು ಮೇಣದಂತಹ ಒಂದು ತೆಳು ಎಳೆ ಸಿಗುತ್ತದೆ. ಅದನ್ನು ನಡುವೆ ಇಟ್ಟು ಕ್ಯಾಪು ಬಿಗಿದು ಬಿಚ್ಚಿದರೆ, ಎಳೆ ಎಷ್ಟು ಅಗಲಕ್ಕೆ ಹಿಸುಕಿದೆಯೆಂಬುದರಿಂದ ಸಂದು ತಿಳಿಯುತ್ತದೆ. ಹೆಡ್ಡಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ನಡುವಿನಿಂದ ಅಂಚಿಗೆ, ಹಂತಹಂತವಾಗಿ 60ರಿಂದ 70 ಪೌಂಡು-ಅಡಿಯವರೆಗೆ ಬಿಗಿಯಬೇಕು. ಟ್ಯಾಪೆಟ್ಟುಗಳ ಸಂದು ಎಂಜಿನ್ ತಣ್ಣಗಿರುವಾಗ ಒಳವಾಲ್ವಿಗೆ 0.018 ಇಂಚು, ಹೊರವಾಲ್ವಿಗೆ 0.016 ಇಂಚು.

ಮೊದಲ ಬಾರಿ ಚಾಲೂ ಮಾಡುವ ಮುನ್ನ ಆಯಿಲ್ ಪಂಪಿಗೆ ಆಯಿಲ್ ತುಂಬಿ, ಪ್ಲಗ್ಗುಗಳಿಲ್ಲದೆ ತಿರುಗಿಸಿ, ಆಯಿಲ್ ಒತ್ತಡ ಬಂದುದನ್ನು ಖಚಿತಪಡಿಸಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಇಂದಿನ ಕಾರುಗಳ ಆಯಿಲಿನಲ್ಲಿ, ಹೊಗೆ ಶುದ್ಧಿಕಾರಕಗಳನ್ನು ಕಾಪಾಡಲು, ಸತು ಮತ್ತು ರಂಜಕದ ಸಂಯುಕ್ತವನ್ನು ಕಡಮೆ ಮಾಡಿದ್ದಾರೆ. ಹಳೆಯ ಎಂಜಿನ್ನಿನ ಟ್ಯಾಪೆಟ್ಟುಗಳಿಗೆ ಅದೇ ರಕ್ಷೆ. ಹಳೆಯ ಎಂಜಿನ್ನುಗಳಿಗೆಂದೇ ಮಾರುವ ಆಯಿಲನ್ನು ಕೇಳಿ ಕೊಳ್ಳಬೇಕು.

ಕಾಣದ ವಿಷಗಳು

ಇನ್ನು ವೈದ್ಯನ ಸರದಿ. ಹಳೆಯ ಜೀಪನ್ನು ಕಟ್ಟುವ ಕೆಲಸಕ್ಕೆ ಮಕ್ಕಳನ್ನು ಸೇರಿಸಿಕೊಳ್ಳುವುದು ಒಳ್ಳೆಯದೇ. ಆದರೆ ಆ ಗಾಡಿ ತನ್ನ ಕಾಲದ ವಿಷಗಳನ್ನೂ ಹೊತ್ತು ತಂದಿರುತ್ತದೆ.

ಮೊದಲನೆಯದು ಸೀಸ. 1923ರಿಂದ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಇಲ್ಲಿಂದ ಕೆಲವೇ ಮೈಲಿ ದೂರದ ಪ್ಯಾಸಡೀನದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿದ್ದ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ಸೀಸದ ಅಳತೆಯಿಂದಲೇ ತೋರಿಸಿದವರು. ಆ ಕೆಲಸದಲ್ಲಿ ತಮ್ಮ ಪ್ರಯೋಗಶಾಲೆಯ ಗಾಳಿ, ನೀರು, ಧೂಳುಗಳಲ್ಲೆಲ್ಲ ಸೀಸ ಬೆರೆತಿರುವುದನ್ನು ಕಂಡು, ಅದರ ವಿರುದ್ಧ ದಶಕಗಳ ಕಾಲ ಹೋರಾಡಿದರು. ಕ್ಯಾಲಿಫೋರ್ನಿಯದಲ್ಲಿ 1992ರಲ್ಲಿ, ಅಮೆರಿಕದ ರಸ್ತೆ ವಾಹನಗಳಿಗೆಲ್ಲ 1996ರಲ್ಲಿ ಸೀಸದ ಪೆಟ್ರೋಲು ನಿಂತಿತು. 1999ರಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷಬಾಧೆಯನ್ನು ಕುರಿತು ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದಲ್ಲಿ, ಭಾರತವೂ ಅದನ್ನು ಕೈಬಿಟ್ಟಿತು. ಕೊನೆಯ ದೇಶವಾಗಿ ಆಲ್ಜೀರಿಯ ನಿಲ್ಲಿಸಿದ್ದು 2021ರಲ್ಲಿ.

ಆದರೆ 1950ರ ದಶಕದ ಎಂಜಿನ್ನಿನ ಒಳಗೆ, ಹೊಗೆ ಕೊಳವೆಯಲ್ಲಿ ಅಂಟಿದ ಬೂದಿಯಲ್ಲಿ ಆ ಸೀಸ ಇನ್ನೂ ಇರಬಹುದು. ಹಳೆಯ ಬಣ್ಣದ ಪದರಗಳಲ್ಲಿಯೂ ಇರಬಹುದು. ಮಕ್ಕಳ ಮಿದುಳಿಗೆ ಸೀಸದ ಸುರಕ್ಷಿತ ಪ್ರಮಾಣವೆಂಬುದು ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಗಮನಿಸಬೇಕಾದ ಮಟ್ಟವನ್ನು 1991ರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಮಿಗೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ಹಾಗಾಗಿ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ. ಇಂಗಾಲ ಕೆರೆಯುವ, ಬಣ್ಣ ತೆಗೆಯುವ ಕೆಲಸಗಳಿಂದ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ಕೆಲಸದ ಬಟ್ಟೆ ಮನೆಯೊಳಗೆ ಬರಬಾರದು. ಅದನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು. ಕೈ ತೊಳೆಯದೆ ಚಕ್ಕುಲಿ ಕೋಡುಬಳೆಗಳ ಡಬ್ಬಿಗೆ ಕೈ ಹಾಕಬಾರದು.

ಎರಡನೆಯದು ಆಸ್‌ಬೆಸ್ಟಾಸ್. ಹಳೆಯ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟು, ಕೆಲವು ಗ್ಯಾಸ್ಕೆಟ್ಟುಗಳಲ್ಲಿ ಅದರ ನಾರುಗಳಿವೆ. ಉಸಿರಿನೊಡನೆ ಒಳಹೋದ ನಾರು ಇಪ್ಪತ್ತರಿಂದ ಐವತ್ತು ವರ್ಷಗಳ ನಂತರ ಶ್ವಾಸಕೋಶದ ಪೊರೆಯ ಕ್ಯಾನ್ಸರಾಗಿ ಕಾಣಿಸಿಕೊಳ್ಳಬಹುದು. ಬ್ರೇಕ್ ಡ್ರಮ್ಮಿನ ಧೂಳನ್ನು ಊದಿ ಅಥವಾ ಗಾಳಿಯ ಪಂಪಿನಿಂದ ತೆಗೆಯುವ ಹಳೆಯ ಅಭ್ಯಾಸ ಸಂಪೂರ್ಣ ನಿಲ್ಲಬೇಕು. ಒದ್ದೆ ಮಾಡಿ ಒರೆಸಿ, ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಹಾಕಿ. ಮೂರನೆಯದಾಗಿ, ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವುದು ಬೇಡ. ಬೆಂಕಿಯ ಭಯ ಒಂದು, ಅದರಲ್ಲಿರುವ ಬೆಂಜೀನು ರಕ್ತದ ಕ್ಯಾನ್ಸರಿಗೆ ಕಾರಣವಾಗುವುದು ಇನ್ನೊಂದು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ರಸ್ತೆಗಿಳಿಯುವ ಮುನ್ನ

ಎಂಜಿನ್ ಎಷ್ಟೇ ಚೆನ್ನಾಗಿ ಓಡಿದರೂ ನಿಲ್ಲಿಸುವ ಶಕ್ತಿ ಮೊದಲು ಬೇಕು. ಈ ಜೀಪಿನ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಕೊಳವೆಯ ಜಾಲ. ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ಮೂಲರೂಪವನ್ನು ಉಳಿಸಬೇಕೆಂಬ ನಿಷ್ಠೆ ನನಗೂ ಇದೆ. ಆದರೆ ಮನೆಯವರನ್ನು ಕೂಡಿಸಿಕೊಂಡು ಓಡಿಸುವ ಗಾಡಿಗೆ ಎರಡು ಭಾಗಗಳ ಮಾಸ್ಟರ್ ಸಿಲಿಂಡರನ್ನೂ ಸೀಟ್ ಬೆಲ್ಟುಗಳನ್ನೂ ಹಾಕಿಸುವುದು ಆ ನಿಷ್ಠೆಗಿಂತ ದೊಡ್ಡ ಕರ್ತವ್ಯ.

ಈ ಗಾಡಿ ಗಂಟೆಗೆ 45 ಮೈಲಿಯಲ್ಲಿ ಸುಖವಾಗಿರುತ್ತದೆ. 134ರ ಎಂಜಿನ್ನನ್ನು 134ರ ಫ್ರೀವೇ ಮೇಲೆ ತರಬೇಡಿ ಎಂದು ನಾನು ಹೇಳುವುದು ಅದಕ್ಕೇ. ಊರೊಳಗಿನ ರಸ್ತೆಗಳು, ಬೆಟ್ಟದ ಮಣ್ಣುಹಾದಿಗಳು ಅದರ ತವರು. ಕಾನೂನಿನ ವಿಷಯದಲ್ಲಿ ಕ್ಯಾಲಿಫೋರ್ನಿಯವು 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲು ವಾಹನಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ನೀಡಿದೆ. ವಿನಾಯಿತಿ ಇದೆಯೆಂದು ಹೊಗೆ ಉಗುಳಿಕೊಂಡು ತಿರುಗುವುದು ಸಜ್ಜನಿಕೆಯಲ್ಲ. ಕ್ರ್ಯಾಂಕ್ ಪೆಟ್ಟಿಗೆಯ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಹೀರಿಸುವ ಪುಟ್ಟ ವಾಲ್ವೊಂದನ್ನು 1961ರಲ್ಲಿ ಹೊಸ ಕಾರುಗಳಿಗೆ ಕಡ್ಡಾಯಗೊಳಿಸಲು ಇದೇ ಕ್ಯಾಲಿಫೋರ್ನಿಯ ತೀರ್ಮಾನಿಸಿತು. ಲಾಸ್ ಏಂಜಲಿಸಿನ ಹೊಂಜನ್ನು ತಗ್ಗಿಸಲು ಇಟ್ಟ ಮೊದಲ ಹೆಜ್ಜೆಗಳಲ್ಲಿ ಅದೊಂದು. ಯುದ್ಧಕಾಲದ ಜೀಪಿನಲ್ಲಿ ಆ ಬಗೆಯ ವಾಲ್ವು ಆಗಲೇ ಇತ್ತೆಂಬುದು ಸ್ವಾರಸ್ಯದ ಸಂಗತಿ. ನಿಮ್ಮ ಗಾಡಿಯಲ್ಲಿ ಅದು ಕಟ್ಟಿಹೋಗಿದ್ದರೆ ತೊಳೆದು ಹಾಕಿ.

ಬಂಧುಗಳೆ, ಎಂಜಿನ್ ಕಟ್ಟಿ ಮುಗಿದ ದಿನ ಮಾಡಬೇಕಾದ ಕೊನೆಯ ಕೆಲಸವೊಂದಿದೆ. ಬೋರು ಎಷ್ಟಕ್ಕೆ ಬಂದಿದೆ, ಕ್ರ್ಯಾಂಕ್ ಎಷ್ಟು ಸಾಣೆಯಾಗಿದೆ, ಯಾವ ಬೇರಿಂಗು ಹಾಕಿದೆ, ಯಾವ ವರ್ಷ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ಗಾಡಿಯ ಕಾಗದಪತ್ರಗಳೊಡನೆ ಇಡಿ. ರೋಗಿಯ ಹಿಂದಿನ ಶಸ್ತ್ರಚಿಕಿತ್ಸೆಗಳ ದಾಖಲೆಯಿಲ್ಲದೆ ಮುಂದಿನ ವೈದ್ಯನು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಮುಂದೊಂದು ದಿನ ನಿಮ್ಮ ಮಗಳೋ ಮೊಮ್ಮಗನೋ ಆ ಹೆಡ್ಡನ್ನು ಬಿಚ್ಚಿದಾಗ, ತಮಗಾಗಿ ಇನ್ನೂ ಎಷ್ಟು ಲೋಹ ಉಳಿದಿದೆಯೆಂಬುದು ಅವರಿಗೆ ಒಂದೇ ಸಾಲಿನಲ್ಲಿ ತಿಳಿಯುವಂತಿರಲಿ.